ಸ್ಕಾಟ್ಲೆಂಡಿನ ಮೇರಿ ರಾಣಿಯೂ ಆಕೆಯ ಜಪಸರವೂ

ಪ್ರಾರ್ಥನೆಯೆಂಬುದು ಮನುಷ್ಯನಿಗೂ ದೇವರಿಗೂ ನಡುವೆ ನಡೆಯುವ ಅಂತರಂಗದ ವ್ಯವಹಾರವಾಗಿದ್ದರೂ, ಅದನ್ನು ಮಾಡತಕ್ಕ ರೀತಿಯನ್ನು ಕುರಿತು ಮನುಷ್ಯರು ಬಹಿರಂಗದಲ್ಲಿ ನಡೆಸಿದ ವ್ಯಾಜ್ಯಗಳಿಗೆ ಲೆಕ್ಕವಿಲ್ಲ. ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಅಂತಹ ವ್ಯಾಜ್ಯಗಳಲ್ಲೊಂದು ಜಪಸರವನ್ನು ಕುರಿತದ್ದಾಗಿದೆ. ನಮ್ಮ ಶಾಲೆಯಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರಲ್ಲಿ, ಸಂಜೆ ದೀಪ ಹಚ್ಚಿದೊಡನೆ ಮನೆಮಂದಿಯೆಲ್ಲ ಮೊಣಕಾಲೂರಿ ಜಪಸರವನ್ನು ಹೇಳುವ ಕುಟುಂಬದವರಿದ್ದಾರೆ. ಅದೇ ಹೊತ್ತಿನಲ್ಲಿ ಸತ್ಯವೇದದ ಒಂದು ಅಧ್ಯಾಯವನ್ನೋದಿ, ಕೀರ್ತನೆ ಹಾಡಿ, ಮಣಿಗಳನ್ನು ಮುಟ್ಟದೆ ಪ್ರಾರ್ಥಿಸುವ ಕುಟುಂಬದವರೂ ಇದ್ದಾರೆ. ಈ ಎರಡು ಪದ್ಧತಿಗಳನ್ನೂ ನೆರೆಮನೆಯಿಂದ ಮಾತ್ರ ಕಂಡ ಅನ್ಯಮತದ ಕುಟುಂಬದವರೂ ಇದ್ದಾರೆ. ಒಂದೇ ಬೆಂಚಿನ ಮೇಲೆ ಕುಳಿತು ಕಲಿತ ಗೆಳತಿಯರು ಈ ಭೇದಕ್ಕೆ ಕಾರಣವೇನೆಂದು ಒಬ್ಬರನ್ನೊಬ್ಬರು ಕೇಳಲು ಸಂಕೋಚಪಡುವುದುಂಟು. ವಾದಗ್ರಂಥಗಳನ್ನು ತೆರೆದಿಡುವುದಕ್ಕಿಂತ, ಈ ಭೇದದ ನಡುವೆಯೇ ಹುಟ್ಟಿ ಬಾಳಿ ಮಡಿದ ಒಬ್ಬ ಹೆಣ್ಣುಮಗಳ ಜೀವನವನ್ನು ವಾಚಕರ ಮುಂದಿಡುವುದು ಮೇಲೆಂದು ನಾವು ಭಾವಿಸಿದ್ದೇವೆ. ಆಕೆ ಸ್ಕಾಟ್ಲೆಂಡಿನ ರಾಣಿಯಾದ ಮೇರಿ.

ಮೊದಲು ಜಪಸರವೆಂದರೇನೆಂಬುದನ್ನು ಅರಿಯದವರಿಗಾಗಿ ಎರಡು ಮಾತು. ಅದು ಹತ್ತು ಹತ್ತು ಮಣಿಗಳ ಐದು ಗುಂಪುಗಳುಳ್ಳ, ತುದಿಯಲ್ಲಿ ಶಿಲುಬೆಯುಳ್ಳ ಒಂದು ಸರ. ಪ್ರತಿ ಗುಂಪಿನ ಮೊದಲಿಗೆ ಕರ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನೂ, ಅನಂತರ ಹತ್ತು ಮಣಿಗಳಿಗೆ ಹತ್ತು ಸಾರಿ ನಮೋ ಮರಿಯಾ ಎಂಬ ಪ್ರಾರ್ಥನೆಯನ್ನೂ ಹೇಳುತ್ತಾರೆ. ಒಂದೊಂದು ಹತ್ತನ್ನು ಹೇಳುವಾಗಲೂ ಕ್ರಿಸ್ತನ ಜನನ, ಪಾಡು, ಪುನರುತ್ಥಾನ ಮುಂತಾದ ಘಟನೆಗಳಲ್ಲಿ ಒಂದನ್ನು ಮನಸ್ಸಿನಲ್ಲಿ ಧ್ಯಾನಿಸುತ್ತಾರೆ. ಇವಕ್ಕೆ ರಹಸ್ಯಗಳೆಂದು ಹೆಸರು. ಪೂರ್ವದಲ್ಲಿ ಇವು 15 ಇದ್ದುವು. ಕೀರ್ತನೆಗಳ ಗ್ರಂಥದ 150 ಕೀರ್ತನೆಗಳಿಗೆ ಸರಿಯಾಗಿ 150 ನಮೋ ಮರಿಯಾ ಆಗುತ್ತಿದ್ದುವು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಇನ್ನೂ ಐದು ರಹಸ್ಯಗಳನ್ನು ಕೂಡಿಸಿದರು.

ನಮೋ ಮರಿಯಾ ಎಂಬ ಪ್ರಾರ್ಥನೆಗೆ ಎರಡು ಭಾಗಗಳಿವೆ. ಮೊದಲ ಭಾಗವು ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ದೇವದೂತನೂ ಎಲಿಸಬೇತಳೂ ಮರಿಯಮ್ಮನವರಿಗೆ ಹೇಳಿದ ವಂದನೆಯೇ ಆಗಿದೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಎರಡನೆಯ ಭಾಗದಲ್ಲಿ ಪಾಪಿಗಳಾದ ನಮಗಾಗಿ ಈಗಲೂ ಮರಣದ ಗಳಿಗೆಯಲ್ಲಿಯೂ ಪ್ರಾರ್ಥಿಸಬೇಕೆಂದು ಆಕೆಯನ್ನು ಬೇಡಿಕೊಳ್ಳುವ ಮಾತು ಬರುತ್ತದೆ. ಇದು ಕಾಲಕ್ರಮದಲ್ಲಿ ಸೇರಿಬಂದು, 1568ರಲ್ಲಿ ಪೋಪ್ ಐದನೆಯ ಪಯಸ್ಸರು ಪ್ರಕಟಿಸಿದ ಪ್ರಾರ್ಥನಾಗ್ರಂಥದಲ್ಲಿ ಸ್ಥಿರವಾಯಿತು. ವ್ಯಾಜ್ಯವೆಲ್ಲ ಈ ಎರಡನೆಯ ಭಾಗವನ್ನು ಕುರಿತದ್ದು. ದೇವರಿಗೂ ಮನುಷ್ಯರಿಗೂ ಕ್ರಿಸ್ತನೊಬ್ಬನೇ ಮಧ್ಯಸ್ಥನಾಗಿರುವಾಗ ಸಂತರನ್ನು ಕರೆಯುವುದು ಆತನ ಪದವಿಗೆ ಕುಂದೆಂದೂ, ಎಣಿಸಿ ಎಣಿಸಿ ಹೇಳುವ ಪ್ರಾರ್ಥನೆಯು ಪರ್ವತಪ್ರಸಂಗದಲ್ಲಿ ಕರ್ತನು ನಿಷೇಧಿಸಿದ ವ್ಯರ್ಥವಾದ ಪುನರುಕ್ತಿಯೆಂದೂ ಪ್ರೊಟೆಸ್ಟಂಟರು ಹೇಳಿದರು. ಭೂಮಿಯ ಮೇಲಿರುವ ಸ್ನೇಹಿತನನ್ನು ನಮಗಾಗಿ ಪ್ರಾರ್ಥಿಸೆಂದು ಕೇಳುವುದು ತಪ್ಪಲ್ಲವಾದರೆ ಸ್ವರ್ಗದಲ್ಲಿರುವ ತಾಯಿಯನ್ನು ಕೇಳುವುದೂ ತಪ್ಪಲ್ಲವೆಂದೂ, ಬಾಯಿ ಮರಿಯಮ್ಮನವರನ್ನು ಸ್ಮರಿಸಿದರೂ ಮನಸ್ಸು ಧ್ಯಾನಿಸುವುದು ಕ್ರಿಸ್ತನ ಚರಿತ್ರೆಯನ್ನೇ ಎಂದೂ ಕಥೋಲಿಕರು ಉತ್ತರವಿತ್ತರು. ಪ್ರೊಟೆಸ್ಟಂಟರಲ್ಲಿಯೂ ಎಲ್ಲರ ಮತವೂ ಒಂದೇ ಆಗಿರಲಿಲ್ಲ. ಮಾರ್ಟಿನ್ ಲೂಥರನು 1522ರ ತನ್ನ ಪ್ರಾರ್ಥನಾಪುಸ್ತಕದಲ್ಲಿ ಈ ವಂದನೆಯನ್ನು ಉಳಿಸಿಕೊಂಡು, ಅದನ್ನು ಬೇಡಿಕೆಯಾಗಿ ಹೇಳದೆ ದೇವರ ಕೃಪೆಯ ಧ್ಯಾನವಾಗಿ ಹೇಳಬೇಕೆಂದು ಬೋಧಿಸಿದನು.

ಇಂತಹ ಕಾಲದಲ್ಲಿ, 1542ನೆಯ ಇಸವಿ ಡಿಸೆಂಬರ್ 8ನೆಯ ತಾರೀಖು, ಲಿನ್‌ಲಿತ್‌ಗೋ ಅರಮನೆಯಲ್ಲಿ ಮೇರಿಯು ಹುಟ್ಟಿದಳು. ಆರು ದಿನಗಳೊಳಗಾಗಿ ತಂದೆಯಾದ ಐದನೆಯ ಜೇಮ್ಸ್ ದೊರೆಯು ಮರಣವನ್ನೈದಲು, ತೊಟ್ಟಿಲ ಕೂಸೇ ರಾಜ್ಯಕ್ಕೆ ಒಡತಿಯಾಯಿತು. ತಾಯಿಯಾದ ಮೇರಿ ಆಫ್ ಗೀಸಳು ಫ್ರಾನ್ಸಿನ ಪ್ರಬಲ ಕಥೋಲಿಕ ಮನೆತನದವಳು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯು ಈ ಕೂಸನ್ನು ತನ್ನ ಮಗನಿಗೆ ತಂದುಕೊಳ್ಳಲು ದಂಡನ್ನು ಕಳುಹಿಸಿ ದೇಶವನ್ನು ಸುಡಿಸಿದನು. ಅದರಿಂದ 1548ರಲ್ಲಿ, ಐದು ವರ್ಷದ ರಾಣಿಯನ್ನು ಮೇರಿ ಎಂಬ ಹೆಸರಿನವರೇ ಆದ ನಾಲ್ವರು ಗೆಳತಿಯರೊಂದಿಗೆ ಹಡಗಿನಲ್ಲಿ ಫ್ರಾನ್ಸಿಗೆ ಕಳುಹಿಸಿದರು. ಅಲ್ಲಿನ ಅರಮನೆಯಲ್ಲಿ ಆಕೆ ಫ್ರೆಂಚ್, ಲ್ಯಾಟಿನ್, ಇಟಾಲಿಯನ್ ಭಾಷೆಗಳನ್ನೂ ಸಂಗೀತ, ಕಸೂತಿ, ಕುದುರೆ ಸವಾರಿಗಳನ್ನೂ ಕಲಿತಳು. ಪ್ರಾರ್ಥನೆಯನ್ನು ಕಲಿತದ್ದೂ ಅಲ್ಲಿಯೇ. ಆಕೆಯ ಪಾಲಿಗೆ ಜಪಸರವು ವಾದಕ್ಕೆ ವಿಷಯವಾಗಿರದೆ, ಊಟ ನಿದ್ರೆಗಳಂತೆ ದಿನಚರಿಯಲ್ಲಿ ಸೇರಿಹೋದ ಒಂದು ಸಂಗತಿಯಾಗಿತ್ತು.

1558ರ ಏಪ್ರಿಲ್ 24ರಂದು ಪ್ಯಾರಿಸಿನ ನೋತ್ರದಾಮ್ ದೇವಾಲಯದಲ್ಲಿ ಯುವರಾಜ ಫ್ರಾನ್ಸಿಸನೊಡನೆ ಆಕೆಯ ವಿವಾಹವು ನೆರವೇರಿತು. ಮರುವರ್ಷ ಅವನು ದೊರೆಯಾದನು. 1560ರ ಮಾರ್ಚಿಯಲ್ಲಿ ಅಂಬ್ವಾಜ್ ಎಂಬಲ್ಲಿ ಗೀಸ್ ಮನೆತನದ ಆಡಳಿತವನ್ನು ಕೆಡವಲು ಹೂಡಿದ ಸಂಚೊಂದು ಬಯಲಾಗಲು, ಅನೇಕ ಪ್ರೊಟೆಸ್ಟಂಟರನ್ನು ಕೊಲ್ಲಿಸಲಾಯಿತು. ಆಗ ಆ ದೇಶದ ರಾಣಿಯಾಗಿದ್ದವಳು ಮೇರಿಯೇ. ಅದೇ ವರ್ಷ ಜೂನಿನಲ್ಲಿ ತಾಯಿಯೂ ಡಿಸೆಂಬರಿನಲ್ಲಿ ಪತಿಯೂ ತೀರಿಕೊಂಡರು. ಹದಿನೆಂಟನೆಯ ವಯಸ್ಸಿಗೆ ವಿಧವೆಯಾದ ಆಕೆ 1561ರ ಆಗಸ್ಟ್ 19ರಂದು ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಇಳಿದಳು.

ಆದರೆ ಆಕೆ ಬಿಟ್ಟುಹೋದ ದೇಶವು ಈಗ ಹಾಗೆಯೇ ಇರಲಿಲ್ಲ. ಹಿಂದಿನ ವರ್ಷದ ಆಗಸ್ಟಿನಲ್ಲಿ ಅಲ್ಲಿನ ಪಾರ್ಲಿಮೆಂಟು ಪೋಪರ ಅಧಿಕಾರವನ್ನು ತೆಗೆದುಹಾಕಿ, ಬಲಿಪೂಜೆಯನ್ನು ನಿಷೇಧಿಸಿ, ಮೂರನೆಯ ಸಾರಿ ಈ ಅಪರಾಧ ಮಾಡಿದವರಿಗೆ ಮರಣದಂಡನೆಯನ್ನು ವಿಧಿಸಿತ್ತು. ಹೊಸ ಸಭೆಯ ಶಿಸ್ತಿನ ಗ್ರಂಥದಲ್ಲಿ ಮರಿಯಮ್ಮನವರ ಹಬ್ಬಗಳೂ ಸಂತರ ಹಬ್ಬಗಳೂ ತಿರಸ್ಕರಿಸಲ್ಪಟ್ಟಿದ್ದುವು. ಈ ಬದಲಾವಣೆಯ ಮುಖ್ಯ ಪುರುಷನು ಜಾನ್ ನಾಕ್ಸ್ ಎಂಬ ಬೋಧಕನು.

ನಾಕ್ಸನ ಪೂರ್ವಚರಿತ್ರೆಯನ್ನು ಅರಿಯದೆ ಅವನ ಕಟುತ್ವವನ್ನು ತೂಗಿನೋಡಲಾಗದು. ಅವನ ಗುರುವಾದ ಜಾರ್ಜ್ ವಿಷಾರ್ಟನನ್ನು 1546ರಲ್ಲಿ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಕಥೋಲಿಕ ಅಧಿಕಾರಿಗಳು ಸುಡಿಸಿದ್ದರು. ಮರುವರ್ಷ ಆ ಪಟ್ಟಣದ ಕೋಟೆಯನ್ನು ಫ್ರೆಂಚರು ಹಿಡಿದಾಗ ಒಳಗಿದ್ದ ನಾಕ್ಸನೂ ಸೆರೆಸಿಕ್ಕಿ, ಹತ್ತೊಂಬತ್ತು ತಿಂಗಳು ಫ್ರೆಂಚ್ ಹಡಗುಗಳಲ್ಲಿ ಸಂಕೋಲೆ ತೊಟ್ಟು ಹುಟ್ಟು ಹಾಕಿದನು. ಆ ಕಾಲದ ಒಂದು ಸಂಗತಿಯನ್ನು ಅವನೇ ತನ್ನ ಚರಿತ್ರಗ್ರಂಥದಲ್ಲಿ ಬರೆದಿದ್ದಾನೆ. ನಾಂತ್ ಪಟ್ಟಣದ ಬಳಿ ಹಡಗು ನಿಂತಿದ್ದಾಗ, ಮರಿಯಮ್ಮನವರ ಬಣ್ಣದ ಪ್ರತಿಮೆಯೊಂದನ್ನು ತಂದು ಸ್ಕಾಟ್ ಕೈದಿಗಳಿಗೆ ಮುದ್ದಿಡಬೇಕೆಂದು ಹೇಳಿದರು. ಒಬ್ಬ ಕೈದಿಯು ಒಲ್ಲೆನೆನ್ನಲು ಪ್ರತಿಮೆಯನ್ನು ಬಲಾತ್ಕಾರದಿಂದ ಅವನ ಮುಖಕ್ಕೆ ಒತ್ತಿದರು. ಅವನು ಅದನ್ನು ಕೈಗೆ ತೆಗೆದುಕೊಂಡು, ಅತ್ತಿತ್ತ ನೋಡಿ, ನದಿಯೊಳಕ್ಕೆ ಎಸೆದು, ಆಕೆ ಈಜಿ ತನ್ನನ್ನು ತಾನೇ ಉಳಿಸಿಕೊಳ್ಳಲೆಂದು ಹಾಸ್ಯಮಾಡಿದನು. ಆ ಮೇಲೆ ಯಾರೂ ಆ ಕೈದಿಗಳನ್ನು ಹಾಗೆ ಪೀಡಿಸಲಿಲ್ಲವಂತೆ. ಆ ಕೈದಿಯು ನಾಕ್ಸನೇ ಇರಬೇಕೆಂದು ಬಹುಮಂದಿ ಚರಿತ್ರಕಾರರ ಊಹೆ. ಮರಿಯಮ್ಮನವರನ್ನು ಪ್ರೀತಿಸುವವರಿಗೆ ಈ ಹಾಸ್ಯವು ನೋವನ್ನುಂಟುಮಾಡುವುದು ಸಹಜ. ಆದರೆ ಆ ಪ್ರತಿಮೆಯನ್ನು ಅವನ ಮುಂದೆ ಹಿಡಿದದ್ದು ಭಕ್ತಿಯ ಕೈಯಲ್ಲವೆಂಬುದನ್ನೂ, ಸಂಕೋಲೆ ತೊಡಿಸಿದ ಕೈಯೆಂಬುದನ್ನೂ ನಾವು ಮರೆಯಲಾಗದು.

ಮೇರಿಯು ಬಂದಿಳಿದ ಮೊದಲ ಭಾನುವಾರ ಹೋಲಿರೂಡ್ ಅರಮನೆಯ ಚಿಕ್ಕ ಗುಡಿಯಲ್ಲಿ ತನಗಾಗಿ ಬಲಿಪೂಜೆಯನ್ನು ಮಾಡಿಸಿದಳು. ಹೊರಗೆ ಜನರು ಗಲಭೆಯೆಬ್ಬಿಸಿದರು. ಆಕೆಯ ಅಣ್ಣನೂ ಸ್ವತಃ ಪ್ರೊಟೆಸ್ಟಂಟನೂ ಆದ ಲಾರ್ಡ್ ಜೇಮ್ಸನು ಬಾಗಿಲಲ್ಲಿ ನಿಂತು ಕಾದನು. ಮರುದಿನವೇ ರಾಣಿಯು, ದೇಶದಲ್ಲಿ ತಾನು ಬಂದಾಗ ಕಂಡ ಮತವ್ಯವಸ್ಥೆಯನ್ನು ಯಾರೂ ಕದಲಿಸಕೂಡದೆಂದೂ, ತನ್ನ ಪರಿವಾರದವರನ್ನು ಯಾರೂ ಪೀಡಿಸಕೂಡದೆಂದೂ ಸಾರಿದಳು. ತನಗೊಂದು ಗುಡಿ, ಜನರಿಗೆ ಅವರ ಸಭೆ: ಇದೇ ಆಕೆಯ ನೀತಿಯಾಯಿತು. ಹಳೆಯ ಸಭೆಯ ಆದಾಯದ ಮೂರನೆಯ ಒಂದು ಪಾಲನ್ನು ಎತ್ತಿ ಅದರಲ್ಲಿ ಹೊಸ ಬೋಧಕರಿಗೆ ಸಂಬಳ ಕೊಡುವ ಏರ್ಪಾಟೂ ಆಕೆಯ ಆಳಿಕೆಯಲ್ಲಿ ನಡೆಯಿತು. ಈ ನೀತಿಯಲ್ಲಿ ರಾಜಕಾರಣವೂ ಇದ್ದಿತು. ಆದರೆ ಅಂದಿನ ಯೂರೋಪಿನಲ್ಲಿ ಇಷ್ಟನ್ನು ಮಾಡಿದ ದೊರೆಗಳೂ ವಿರಳ.

ಸೆಪ್ಟೆಂಬರಿನಲ್ಲಿ ನಾಕ್ಸನನ್ನು ಅರಮನೆಗೆ ಕರೆಸಿದಳು. ಹೆಂಗಸಿನ ಆಳಿಕೆಯು ಪ್ರಕೃತಿಗೆ ವಿರುದ್ಧವೆಂದು ಅವನು 1558ರಲ್ಲಿಯೇ ಒಂದು ಪುಸ್ತಕವನ್ನು ಅಚ್ಚುಹಾಕಿಸಿದ್ದನು. ಅಂತಹವನ ಎದುರಿಗೆ ಹದಿನೆಂಟರ ತರುಣಿಯು ಕೇಳಿದ ಪ್ರಶ್ನೆಯನ್ನು ಅವನೇ ದಾಖಲೆಮಾಡಿದ್ದಾನೆ. ದೇವರ ವಾಕ್ಯಕ್ಕೆ ಅವನು ಒಂದು ಅರ್ಥವನ್ನೂ ಪೋಪರು ಇನ್ನೊಂದು ಅರ್ಥವನ್ನೂ ಹೇಳುತ್ತಿರುವಲ್ಲಿ, ತಾನು ಯಾರನ್ನು ನಂಬಬೇಕು, ತೀರ್ಪುಗಾರರು ಯಾರು ಎಂಬುದೇ ಆ ಪ್ರಶ್ನೆ. ವಾಕ್ಯವು ತಾನೇ ಸ್ಪಷ್ಟವಾಗಿದೆ, ಒಂದು ಕಡೆ ಮಸುಕಾದರೆ ಇನ್ನೊಂದು ಕಡೆ ಅದೇ ಬೆಳಕು ಕೊಡುತ್ತದೆಂದು ಅವನು ಉತ್ತರಕೊಟ್ಟನು. ಬಲಿಪೂಜೆ, ಜಪಸರ, ಸಂತರ ಸ್ಮರಣೆ ಎಂಬ ಎಲ್ಲ ವಿವಾದಗಳ ಬೇರೂ ಈ ಒಂದು ಪ್ರಶ್ನೆಯಲ್ಲಿದೆ. ಇಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿಯೇ ನಿಂತರು. ಮುಂದಿನ ಎರಡು ವರ್ಷಗಳಲ್ಲಿ ಹಲವು ಸಾರಿ ಭೇಟಿಯಾದರೂ ಮನಸ್ಸುಗಳು ಕೂಡಲಿಲ್ಲ. ಒಂದು ಸಾರಿ ಆಕೆ ಅವನೆದುರಿಗೇ ಕಣ್ಣೀರಿಟ್ಟಳು.

ಇನ್ನು ಮುಂದಿನ ಕಥೆ ದುಃಖದ್ದು. ಅದರಲ್ಲಿ ರಾಣಿಯ ಪಾಲಿನ ದೋಷವೂ ಇಲ್ಲದಿಲ್ಲ. 1565ರ ಜುಲೈ 29ರಂದು ಆಕೆ ಬಂಧುವಾದ ಲಾರ್ಡ್ ಡಾರ್ನ್ಲಿಯನ್ನು ವರಿಸಿದಳು. ಅವನು ಸಿಡುಕನೂ ಅಸೂಯೆಯುಳ್ಳವನೂ ಆಗಿ, 1566ರ ಮಾರ್ಚಿ 9ರಂದು, ಬಸುರಿಯಾದ ಆಕೆಯ ಕಣ್ಣೆದುರಿನಿಂದಲೇ ಆಕೆಯ ಕಾರ್ಯದರ್ಶಿ ರಿಟ್ಸಿಯೋವನ್ನು ಎಳೆದೊಯ್ದು ಕೊಂದವರ ಜೊತೆಗೂಡಿದನು. ಜೂನ್ 19ರಂದು ಮಗನಾದ ಜೇಮ್ಸನು ಹುಟ್ಟಿದನು. 1567ರ ಫೆಬ್ರವರಿ 10ರಂದು ಡಾರ್ನ್ಲಿಯು ಕೊಲೆಯಾದನು. ಕೊಲೆಗೆ ಮುಖ್ಯ ಕಾರಣನೆಂದು ಎಲ್ಲರೂ ಬೆರಳಿಟ್ಟು ತೋರಿಸುತ್ತಿದ್ದ ಅರ್ಲ್ ಬಾತ್‌ವೆಲನನ್ನು ಆಕೆ ಸುಮಾರು ಮೂರು ತಿಂಗಳಲ್ಲಿ ಮದುವೆಯಾದಳು. ಅದೂ ಪ್ರೊಟೆಸ್ಟಂಟ್ ಪದ್ಧತಿಯಂತೆ. ಬಲವಂತದಿಂದಲೋ ಸಮ್ಮತಿಯಿಂದಲೋ ಎಂಬುದು ಇಂದಿಗೂ ಚರ್ಚೆಯ ವಿಷಯ. ಪ್ರೊಟೆಸ್ಟಂಟ್ ಪ್ರಜೆಗಳು ಆಕೆಯ ಮೇಲೆ ಎದ್ದರು. ಕಥೋಲಿಕ ದೊರೆಗಳೂ ಪೋಪರೂ ಸಹ ಮುಖ ತಿರುಗಿಸಿದರು. ಜುಲೈ 24ರಂದು ಲಾಕ್‌ಲೆವೆನ್ ಕೋಟೆಯ ಸೆರೆಯಲ್ಲಿ ಆಕೆಯಿಂದ ರಾಜ್ಯತ್ಯಾಗದ ಪತ್ರಕ್ಕೆ ಸಹಿ ಮಾಡಿಸಿದರು. ಐದು ದಿನಗಳ ಮೇಲೆ ವರ್ಷದ ಕೂಸಾದ ಜೇಮ್ಸನಿಗೆ ಪಟ್ಟವಾಯಿತು. ಆ ದಿನ ಪ್ರಸಂಗ ಮಾಡಿದವನು ನಾಕ್ಸನು. 1568ರ ಮೇ ತಿಂಗಳಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಮೇರಿಯು ಲ್ಯಾಂಗ್‌ಸೈಡ್ ಯುದ್ಧದಲ್ಲಿ ಸೋತು, ಮೀನುಗಾರರ ದೋಣಿಯಲ್ಲಿ ಇಂಗ್ಲೆಂಡಿಗೆ ದಾಟಿ, ತನ್ನ ಸಂಬಂಧಿಯಾದ ಎಲಿಜಬೆತ್ ರಾಣಿಯ ಆಶ್ರಯವನ್ನು ಬೇಡಿದಳು. ದೊರೆತದ್ದು ಹತ್ತೊಂಬತ್ತು ವರ್ಷಗಳಿಗೆ ಸಮೀಪವಾದ ಸೆರೆವಾಸ.

ಸೆರೆಯ ಮೊದಲ ತಿಂಗಳುಗಳಲ್ಲಿ ಆಕೆ ಇಂಗ್ಲಿಷ್ ಬೋಧಕರ ಪ್ರಸಂಗಗಳನ್ನು ಕೇಳಲು ಒಪ್ಪಿ ಕುಳಿತದ್ದುಂಟು. ಎಲಿಜಬೆತಳ ದಯೆಯನ್ನು ಸಂಪಾದಿಸುವ ಆಸೆಯೂ ಅದರಲ್ಲಿದ್ದಿತು. ಆದರೆ ಬಿಡುಗಡೆಯ ಆಸೆ ಕುಂದಿದಂತೆಲ್ಲ ಬಾಲ್ಯದ ಪ್ರಾರ್ಥನೆಯೇ ಆಕೆಗೆ ಆಸರೆಯಾಯಿತು. ಶ್ರೂಸ್‌ಬರಿಯ ಅರ್ಲನ ಕಾವಲಿನಲ್ಲಿ ಟಟ್‌ಬರಿ, ಷೆಫೀಲ್ಡ್ ಮುಂತಾದ ಕೋಟೆಗಳಲ್ಲಿ ಆಕೆಯ ಯೌವನವು ಕಳೆಯಿತು. ಸಂಧಿವಾತದಿಂದ ಕೈಕಾಲುಗಳು ಊದಿಕೊಂಡುವು. ಹಗಲು ಕಸೂತಿ ಮಾಡುತ್ತಿದ್ದಳು; ಆಕೆಯ ಸೂಜಿಯ ಕೆಲಸವು ಇಂಗ್ಲೆಂಡಿನ ಆಕ್ಸ್‌ಬರೋ ಭವನದಲ್ಲಿ ನಮ್ಮ ಕಾಲದವರೆಗೂ ಉಳಿದುಬಂದಿದೆ.

ಈ ನಡುವೆ ಹೊರಗೆ ಏನು ನಡೆಯಿತೆಂಬುದನ್ನು ಗಮನಿಸಬೇಕು. ಏಕೆಂದರೆ ಜಪಸರವು ಭಕ್ತಿಯ ವಸ್ತುವಾಗಿದ್ದುದು ರಾಜದ್ರೋಹದ ಗುರುತಾಗಿ ಮಾರ್ಪಟ್ಟದ್ದು ಈ ವರ್ಷಗಳಲ್ಲಿಯೇ. ಇಂಗ್ಲೆಂಡಿನಲ್ಲಿ 1538ರಷ್ಟು ಹಿಂದೆಯೇ ಅರ್ಥವರಿಯದೆ ಮಣಿ ಎಣಿಸುವುದನ್ನು ರಾಜಾಜ್ಞೆಯು ಖಂಡಿಸಿತ್ತು. ಆದರೆ ಅದು ಬುದ್ಧಿವಾದ ಮಾತ್ರವಾಗಿತ್ತು. 1569ರ ನವೆಂಬರಿನಲ್ಲಿ ಉತ್ತರದ ಕಥೋಲಿಕ ಪ್ರಭುಗಳು ದಂಗೆಯೆದ್ದು, ಡರಂ ಪಟ್ಟಣದ ಪ್ರಧಾನ ದೇವಾಲಯವನ್ನು ಹೊಕ್ಕು, ಇಂಗ್ಲಿಷ್ ಸತ್ಯವೇದವನ್ನೂ ಪ್ರಾರ್ಥನಾಪುಸ್ತಕವನ್ನೂ ಹರಿದುಹಾಕಿ ಬಲಿಪೂಜೆಯನ್ನು ಮಾಡಿಸಿದರು. ದಂಗೆಯಡಗಿದ ಮೇಲೆ ನೂರಾರು ಜನರನ್ನು ಗಲ್ಲಿಗೇರಿಸಲಾಯಿತು. ಅದೇ 1569ರಲ್ಲಿ ಜಪಸರದ ಪದ್ಧತಿಯನ್ನು ಸಭೆಗೆಲ್ಲ ಶಿಫಾರಸು ಮಾಡಿದ್ದ ಐದನೆಯ ಪಯಸ್ಸರೇ 1570ರ ಫೆಬ್ರವರಿಯಲ್ಲಿ ಎಲಿಜಬೆತಳನ್ನು ಬಹಿಷ್ಕರಿಸಿ, ಪ್ರಜೆಗಳು ಆಕೆಗೆ ವಿಧೇಯರಾಗಿರಬೇಕಾದುದಿಲ್ಲವೆಂದು ಘೋಷಿಸಿದರು. ಅದಕ್ಕೆ ಉತ್ತರವಾಗಿ 1571ರಲ್ಲಿ ಇಂಗ್ಲಿಷ್ ಪಾರ್ಲಿಮೆಂಟು, ರೋಮಿನಲ್ಲಿ ಆಶೀರ್ವದಿಸಲ್ಪಟ್ಟ ಶಿಲುಬೆ, ಚಿತ್ರ, ಜಪಮಣಿಗಳನ್ನು ದೇಶದೊಳಕ್ಕೆ ತಂದು ಹಂಚುವವರಿಗೂ ಅವನ್ನು ಸ್ವೀಕರಿಸುವವರಿಗೂ ಆಸ್ತಿಯ ಮುಟ್ಟುಗೋಲನ್ನೂ ಸೆರೆಮನೆಯನ್ನೂ ವಿಧಿಸಿತು. ಹಳ್ಳಿಯ ಮುದುಕಿಯ ಸೊಂಟದಲ್ಲಿದ್ದ ಮರದ ಮಣಿಗಳ ಸರವು ಹೀಗೆ ಶತ್ರುರಾಜ್ಯದ ಧ್ವಜವೆಂದೆಣಿಸಲ್ಪಟ್ಟಿತು. ಮಣಿಗಳು ಬದಲಾಗಿರಲಿಲ್ಲ, ರೋಮು ಲಂಡನ್ನುಗಳ ನಡುವಿನ ಜಗಳವು ಅವುಗಳ ಮೇಲೆ ಬಂದು ಬಿದ್ದಿತ್ತು.

1572ರ ನವೆಂಬರ್ 24ರಂದು ನಾಕ್ಸನು ಎಡಿನ್‌ಬರೋ ಪಟ್ಟಣದಲ್ಲಿ ಮರಣಹೊಂದಿದನು. ಆ ದಿನ ಅವನು ಹೆಂಡತಿಯನ್ನು ಕರೆದು, ತನ್ನ ಲಂಗರು ಮೊದಲು ಊರಿದ ಸ್ಥಳವನ್ನೋದೆಂದು ಕೇಳಿಕೊಳ್ಳಲು, ಆಕೆ ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯವನ್ನು ಓದಿದಳು. ತನ್ನನ್ನು ನಂಬುವವರೆಲ್ಲರೂ ಒಂದಾಗಿರಬೇಕೆಂದು ಕರ್ತನು ತಂದೆಯನ್ನು ಬೇಡಿಕೊಂಡ ಅಧ್ಯಾಯವು ಅದೇ ಎಂಬುದನ್ನು ನಮ್ಮ ವಾಚಕರು ಬಲ್ಲರು.

1585ರಲ್ಲಿ ಮೇರಿಯ ಕಾವಲು ಸರ್ ಏಮಿಯಸ್ ಪೌಲೆಟ್ ಎಂಬ ಕಠಿಣ ಪ್ಯೂರಿಟನನ ಕೈಸೇರಿತು. 1586ರಲ್ಲಿ ಆಂಟನಿ ಬ್ಯಾಬಿಂಗ್ಟನ್ ಮೊದಲಾದ ತರುಣರು ಎಲಿಜಬೆತಳನ್ನು ಕೊಂದು ಮೇರಿಯನ್ನು ಪಟ್ಟಕ್ಕೇರಿಸಲು ಸಂಚುಹೂಡಿದರು. ಪತ್ರಗಳೆಲ್ಲ ಗೂಢಚಾರರ ಕೈಗಳ ಮೂಲಕವೇ ಸಾಗುತ್ತಿದ್ದುವೆಂಬುದನ್ನರಿಯದೆ ಜುಲೈ 17ರಂದು ಆಕೆ ಒಪ್ಪಿಗೆಯ ಧಾಟಿಯ ಉತ್ತರವನ್ನು ಕಳುಹಿಸಿದಳು. ಅಕ್ಟೋಬರಿನಲ್ಲಿ ಫಾದರಿಂಗೇ ಕೋಟೆಯಲ್ಲಿ ವಿಚಾರಣೆಯಾಯಿತು. ವಕೀಲರ ಸಹಾಯವಿಲ್ಲದೆ ಆಕೆ ತಾನೇ ವಾದಿಸಿದಳು. ಎಲಿಜಬೆತಳ ಪ್ರಾಣಕ್ಕೆ ತಾನು ಕೇಡೆಣಿಸಲಿಲ್ಲವೆಂದು ಕೊನೆಯವರೆಗೂ ಹೇಳಿದಳು. ತೀರ್ಪು ಮರಣದಂಡನೆಯಾಯಿತು.

1587ರ ಫೆಬ್ರವರಿ 7ರಂದು, ಮರುದಿನ ಬೆಳಿಗ್ಗೆ ಸಾಯಬೇಕೆಂಬ ಸುದ್ದಿಯನ್ನು ಶ್ರೂಸ್‌ಬರಿ ಮತ್ತು ಕೆಂಟ್ ಅರ್ಲರು ತಂದರು. ಆಕೆ ಬಳಿಯಲ್ಲಿದ್ದ ಹೊಸ ಒಡಂಬಡಿಕೆಯ ಮೇಲೆ ಕೈಯಿಟ್ಟು ತಾನು ನಿರಪರಾಧಿಯೆಂದು ಆಣೆಯಿಟ್ಟಳು. ಅದು ಪೋಪರ ಪಂಗಡದ ಪುಸ್ತಕವಾದುದರಿಂದ ಆಣೆಗೆ ಬೆಲೆಯಿಲ್ಲವೆಂದು ಕೆಂಟನು ನುಡಿದನು. ತಾನು ನಿಜವೆಂದು ನಂಬುವ ಪುಸ್ತಕದ ಮೇಲೆ ಇಟ್ಟ ಆಣೆಯಲ್ಲವೇ ಹೆಚ್ಚು ನಂಬಿಕೆಗೆ ಯೋಗ್ಯವಾದದ್ದು, ನಂಬದ ಪುಸ್ತಕದ ಮೇಲೆ ಇಟ್ಟ ಆಣೆಯಿಂದ ಪ್ರಯೋಜನವೇನೆಂದು ಆಕೆ ಕೇಳಿದಳು. ತನ್ನ ಗುರುವನ್ನು ಕಂಡು ಪಾಪನಿವೇದನೆ ಮಾಡಲು ಅಪ್ಪಣೆ ಬೇಡಿದಳು, ಅದು ದೊರೆಯಲಿಲ್ಲ. ಬದಲಾಗಿ ಪೀಟರ್‌ಬರೋ ಪ್ರಧಾನ ದೇವಾಲಯದ ಡೀನ್ ರಿಚರ್ಡ್ ಫ್ಲೆಚರನ ಸಹಾಯವನ್ನು ಪಡೆಯೆಂದರು. ಅದನ್ನು ಆಕೆ ಒಲ್ಲೆನೆಂದಳು. ರಾತ್ರಿಯ ಎರಡು ಗಂಟೆಗೆ ಫ್ರಾನ್ಸಿನ ದೊರೆಗೆ ಕೊನೆಯ ಕಾಗದವನ್ನು ಬರೆದು, ಸೇವಕರ ಸಂಬಳಗಳನ್ನು ಅವನ ದಯೆಗೆ ಒಪ್ಪಿಸಿದಳು.

ಬೆಳಿಗ್ಗೆ ಕೋಟೆಯ ದೊಡ್ಡ ಸಭಾಂಗಣದಲ್ಲಿ ಸುಮಾರು ಮುನ್ನೂರು ಜನರು ನೆರೆದಿದ್ದರು. ನಲವತ್ತನಾಲ್ಕು ವರ್ಷದ ರಾಣಿಯು ಕಪ್ಪು ಉಡುಪನ್ನು ಧರಿಸಿ, ಕೈಯಲ್ಲಿ ಪಾಡುಪಟ್ಟ ಸ್ವರೂಪವನ್ನು ಹಿಡಿದು, ಸೊಂಟದಲ್ಲಿ ಜಪಸರವನ್ನು ತೂಗಿಬಿಟ್ಟುಕೊಂಡು ನಡೆದುಬಂದಳು. ವೇದಿಕೆಯ ಮೇಲೆ ಡೀನನು ಪ್ರಸಂಗವನ್ನಾರಂಭಿಸಿದನು. ತಾನು ಪುರಾತನ ಕಥೋಲಿಕ ನಂಬಿಕೆಯಲ್ಲಿ ಸ್ಥಿರಳಾಗಿರುವುದರಿಂದ ಶ್ರಮಪಡಬೇಡವೆಂದು ಆಕೆ ಮತ್ತೆ ಮತ್ತೆ ಹೇಳಿದರೂ ಅವನು ನಿಲ್ಲಿಸಲಿಲ್ಲ. ಕೊನೆಗೆ ಅವನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸತೊಡಗಲು, ಆಕೆ ಮೊಣಕಾಲೂರಿ ಲ್ಯಾಟಿನ್ ಭಾಷೆಯಲ್ಲಿ ಅವನಿಗಿಂತ ಗಟ್ಟಿಯಾಗಿ ಪ್ರಾರ್ಥಿಸಿದಳು. ಒಂದೇ ವೇದಿಕೆಯ ಮೇಲೆ, ಒಬ್ಬನೇ ಕರ್ತನ ಹೆಸರಿನಲ್ಲಿ, ಎರಡು ಪ್ರಾರ್ಥನೆಗಳು ಒಂದನ್ನೊಂದು ಮುಳುಗಿಸಲು ಹೋರಾಡಿದುವು. ಡೀನನು ಮುಗಿಸಿದ ಮೇಲೆ ಆಕೆಯೂ ಇಂಗ್ಲಿಷಿಗೆ ತಿರುಗಿ, ಸಂಕಟಪಡುವ ಸಭೆಗಾಗಿಯೂ, ಮಗನಿಗಾಗಿಯೂ, ತನ್ನ ಮರಣದ ಆಜ್ಞೆಗೆ ಸಹಿಮಾಡಿದ ಎಲಿಜಬೆತಳಿಗಾಗಿಯೂ ಬೇಡಿಕೊಂಡಳು. ಕೊಲೆಗಡುಕರು ಕ್ಷಮೆ ಕೇಳಲು ಕ್ಷಮಿಸಿದಳು. ಜೇನ್ ಕೆನೆಡಿ ಎಂಬ ಸೇವಕಿಯು ಆಕೆಯ ಕಣ್ಣಿಗೆ ಬಟ್ಟೆಕಟ್ಟಿದಳು. ಹೀಗೆ ಮೇರಿ ರಾಣಿಯ ಆಯುಷ್ಯವು ತೀರಿತು. ಯಾರೂ ಸ್ಮಾರಕವಾಗಿ ಇಟ್ಟುಕೊಳ್ಳದಂತೆ ಅಲ್ಲಿನ ರಕ್ತ ಸೋಂಕಿದ ವಸ್ತುಗಳನ್ನು ಸುಟ್ಟರು. ಆಕೆಯದೆಂದು ಪರಂಪರೆಯಿಂದ ನಂಬಲಾದ ಒಂದು ಬಂಗಾರದ ಜಪಸರವು ಮಾತ್ರ ಆರಂಡೆಲ್ ಕೋಟೆಯಲ್ಲಿ ಬಹುಕಾಲ ಕಾಪಾಡಲ್ಪಟ್ಟಿದ್ದು, 2021ರ ಮೇ ತಿಂಗಳಲ್ಲಿ ಕಳವಾಯಿತು.

ಪ್ರಿಯ ವಾಚಕರೇ, ಈ ಚರಿತ್ರೆಯಲ್ಲಿ ಮೇರಿಯನ್ನು ನಿರ್ದೋಷಿಯಾದ ಸಂತಳೆಂದಾಗಲಿ ನಾಕ್ಸನನ್ನು ಕ್ರೂರನೆಂದಾಗಲಿ ತೋರಿಸುವುದು ನಮ್ಮ ಉದ್ದೇಶವಲ್ಲ. ನಾವು ಬೇರೊಂದನ್ನು ಕಾಣುತ್ತೇವೆ. ನಾಂತಿನ ಹಡಗಿನಲ್ಲಿ ಸಂಕೋಲೆ ತೊಟ್ಟ ಒಬ್ಬ ಗಂಡಸಿನ ಮುಖಕ್ಕೆ ಮರಿಯಮ್ಮನವರ ಪ್ರತಿಮೆಯನ್ನು ಒತ್ತಿದರು. ಫಾದರಿಂಗೇ ಕೋಟೆಯಲ್ಲಿ ಸಾವಿನ ಮುಂದೆ ನಿಂತ ಒಬ್ಬ ಹೆಂಗಸಿನ ಕಿವಿಗೆ ಆಕೆ ಒಲ್ಲದ ಪ್ರಾರ್ಥನೆಯನ್ನು ಒತ್ತಿದರು. ಒತ್ತಿದವರಿಬ್ಬರೂ ಆತ್ಮರಕ್ಷಣೆಗಾಗಿಯೇ ಮಾಡಿದೆವೆಂದು ನಂಬಿದ್ದರು. ಇಬ್ಬರು ಕೈದಿಗಳೂ ಮನಸ್ಸು ತಿರುಗಿಸಲಿಲ್ಲ; ಹಿಂದಿಗಿಂತ ಗಟ್ಟಿಯಾದರು. ಹಡಗಿನ ಆ ಕೈದಿಯು ನಾಕ್ಸನೇ ಆಗಿದ್ದ ಪಕ್ಷದಲ್ಲಿ, ಮುಂದೆ ಅಧಿಕಾರವು ಕೈಸೇರಿದಾಗ ಆ ಗಳಿಗೆಯನ್ನು ನೆನೆದು ರಾಣಿಯ ಚಿಕ್ಕ ಗುಡಿಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಗೀಸ್ ಮನೆತನದವರು ಅಂಬ್ವಾಜಿನಲ್ಲಿ ಕೈ ತಡೆದಿದ್ದರೆ ಎಷ್ಟು ಚೆನ್ನಾಗಿತ್ತು!

ಜಪಸರದ ವಿಷಯದ ಭೇದವು ಸುಳ್ಳು ಭೇದವಲ್ಲ. ಅದನ್ನು ಸಿಹಿಮಾತಿನಿಂದ ಮುಚ್ಚಲಾಗದು. ಒಬ್ಬನೇ ಮಧ್ಯಸ್ಥನೆಂಬ ಮಾತಿಗಾಗಿ ಪ್ರಾಣಕೊಟ್ಟವರಿದ್ದಾರೆ. ಮಣಿಗಳನ್ನು ಬಿಡದೆ ಪ್ರಾಣಕೊಟ್ಟವರೂ ಇದ್ದಾರೆ. ಆದರೆ ಭೇದವನ್ನು ಸಹಿಸುವ ರೀತಿಯನ್ನು ಸಭೆಗಳು ಮೆಲ್ಲಮೆಲ್ಲನೆ ಕಲಿತಿವೆ. ಮತದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಕೂಡದೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಸಾರಿತು. 2005ರಲ್ಲಿ ಆಂಗ್ಲಿಕನ್ ಮತ್ತು ಕಥೋಲಿಕ ಪಂಡಿತರು ಕೂಡಿ ಮರಿಯಮ್ಮನವರನ್ನು ಕುರಿತು ಒಂದು ಜಂಟಿ ಹೇಳಿಕೆಯನ್ನು ಪ್ರಕಟಿಸಿದರು. ನಾಕ್ಸನ ನಾಡಿನಲ್ಲಿಯೇ 2022ರಲ್ಲಿ ಸ್ಕಾಟ್ಲೆಂಡಿನ ಸಭೆಯೂ ಕಥೋಲಿಕ ಸಭೆಯೂ ಸಂತ ಮಾರ್ಗರೆಟಳ ಹೆಸರಿನ ಸ್ನೇಹಘೋಷಣೆಗೆ ಒಪ್ಪಿದುವು. ವಿವಾದವು ಮುಗಿಯಲಿಲ್ಲ, ಸಂಕೋಲೆ ಮಾತ್ರ ಕಳಚಿತು.

ರಾಜ್ಯಗಳು ಕಲಿತದ್ದನ್ನು ಮನೆಗಳು ಇನ್ನೂ ಕಲಿಯಬೇಕಾಗಿರುವುದೆಂದು ನಮಗೆ ತೋರುತ್ತದೆ. ನಮ್ಮ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಬೇರೆ ಮನೆಗಳನ್ನು ಸೇರುತ್ತಾರೆ. ಒಂದು ಮನೆಯಲ್ಲಿ ಸೊಸೆಯ ಕೈಗೆ ಜಪಸರವನ್ನು ಬಲಾತ್ಕಾರದಿಂದ ಕೊಡುವುದುಂಟು. ಇನ್ನೊಂದು ಮನೆಯಲ್ಲಿ ಆಕೆಯ ಕೈಯಿಂದ ಅದನ್ನು ಬಲಾತ್ಕಾರದಿಂದ ತೆಗೆದುಕೊಳ್ಳುವುದೂ ಉಂಟು. ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ನಿಮ್ಮ ನಂಬಿಕೆಯನ್ನು ಮರೆಮಾಚದೆ ಹೇಳಿರಿ. ಸತ್ಯವೇದವನ್ನು ತೆರೆದು ಕಾರಣಕೊಡಿರಿ. ಮನಸ್ಸೊಪ್ಪದವರಿಗೆ ಅವರ ಪ್ರಾರ್ಥನೆಯನ್ನು ಮಾಡಲು ಮನೆಯಲ್ಲಿ ಒಂದು ಮೂಲೆಯನ್ನು ಬಿಡಿರಿ. ಮೇರಿ ರಾಣಿಯು ಸ್ಕಾಟ್ಲೆಂಡಿಗೆ ಮರಳಿಬಂದ ಹೊಸದರಲ್ಲಿ ಕೇಳಿದ್ದು ಅಷ್ಟನ್ನೇ.

ಆಕೆಯ ಮಗ ಜೇಮ್ಸನು 1603ರಲ್ಲಿ ಇಂಗ್ಲೆಂಡಿಗೂ ದೊರೆಯಾದನು. ಅವನ ಆಳಿಕೆಯಲ್ಲಿ, 1611ರಲ್ಲಿ, ಪ್ರಸಿದ್ಧವಾದ ಇಂಗ್ಲಿಷ್ ಸತ್ಯವೇದವು ಪ್ರಕಟವಾಯಿತು. ಮರುವರ್ಷ ಅವನು ತಾಯಿಯ ದೇಹವನ್ನು ಪೀಟರ್‌ಬರೋವಿನಿಂದ ತರಿಸಿ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿ ಮಾಡಿಸಿದನು. ಅಲ್ಲಿ ಒಂದೇ ಗುಡಿಯ ದಕ್ಷಿಣದ ಪಕ್ಕದಲ್ಲಿ ಮೇರಿಯೂ ಉತ್ತರದ ಪಕ್ಕದಲ್ಲಿ ಎಲಿಜಬೆತಳೂ, ಜೀವಮಾನದಲ್ಲಿ ಒಮ್ಮೆಯೂ ಮುಖಾಮುಖಿ ಕಾಣದಿದ್ದವರು, ಒಂದೇ ಮಾಡಿನ ಕೆಳಗೆ ಪುನರುತ್ಥಾನದ ದಿನವನ್ನು ಕಾದು ಮಲಗಿದ್ದಾರೆ.